ಪಂಜರದ ಇಲಿಗೂ ಒಂದು ಬಾಲ್ಯವಿದೆ

ಕನ್ನಡಿಗರ ಊಟವನ್ನು ಇಲಿಗಳಿಗೆ ಬಡಿಸಿ ತೂಕ ನೋಡಿದ ವೈದ್ಯರೊಬ್ಬರಿದ್ದರು. ಹೆಸರು ರಾಬರ್ಟ್ ಮೆಕ್‌ಕ್ಯಾರಿಸನ್. ನೀಲಗಿರಿಯ ಕೂನೂರಿನಲ್ಲಿ ಅವರ ಪ್ರಯೋಗಶಾಲೆ. 1920ರ ದಶಕದಲ್ಲಿ ಅವರು ಒಂದೇ ವಯಸ್ಸಿನ ಎಳೆಯ ಇಲಿಗಳನ್ನು ಇಪ್ಪತ್ತಿಪ್ಪತ್ತರಂತೆ ಗುಂಪು ಮಾಡಿದರು. ಒಂದು ಗುಂಪಿಗೆ ಸಿಖ್ಖರ ಊಟ, ಒಂದಕ್ಕೆ ಪಠಾಣರದು, ಹೀಗೆ ಮರಾಠರದು, ಗೂರ್ಖರದು, ಬಂಗಾಳಿಗಳದು, ಮದ್ರಾಸಿಗಳದು, ಕನ್ನಡಿಗರದು ಎಂದು 140 ದಿನ ತಿನ್ನಿಸಿದರು. ಕೊನೆಗೆ ತೂಗಿದಾಗ ಸಿಖ್ಖರ ಊಟ ಉಂಡವು ಸರಾಸರಿ 235 ಗ್ರಾಂ, ಮದ್ರಾಸಿ ಊಟದವು 155 ಗ್ರಾಂ. ಕನ್ನಡದ ಇಲಿಗಳು ಕೆಳಗಿನ ಸಾಲಿನಲ್ಲಿದ್ದವು. ಯಾವ ಕನ್ನಡಿಗರು ಎಂಬ ಪ್ರಶ್ನೆ ಬೇರೆ. ಹಳಿಯಾಳದ ಕಡೆಯ ರೊಟ್ಟಿ, ಕರಾವಳಿಯ ಗಂಜಿ, ಮೈಸೂರು ಸೀಮೆಯ ಮುದ್ದೆ ಈ ಮೂರನ್ನೂ ಒಂದೇ ಹೆಸರಿನಡಿ ಬಡಿಸುವುದು ಊಟ ಗೊತ್ತಿಲ್ಲದವರು ಮಾತ್ರ ಮಾಡಬಹುದಾದ ಕೆಲಸ.

ಈ ಪಟ್ಟಿಯನ್ನು ಪೌಷ್ಟಿಕತೆಯ ಪಾಠಗಳಲ್ಲಿ ಎಷ್ಟೋ ಸಲ ಉದಾಹರಿಸಿದ್ದಾರೆ. ಅದರಲ್ಲಿ ಕಾಣದ ಒಂದು ಸಂಗತಿ ಇದೆ. ಆ ಇಲಿಗಳೆಲ್ಲ ಬಂದದ್ದು ಕೂನೂರಿನ ಮೂಲ ಇಲಿಸಂಸಾರದಿಂದ. ಅಲ್ಲಿನ ತಾಯಿ ಇಲಿಗಳಿಗೆ ಬೆಣ್ಣೆ ಸವರಿದ ಚಪಾತಿ, ಹಾಲು, ಮೊಳಕೆ ಕಡಲೆ, ಹಸಿ ಗಜ್ಜರಿ, ಕೋಸು, ವಾರಕ್ಕೊಮ್ಮೆ ಮಾಂಸ ಸಿಗುತ್ತಿತ್ತು. ಅಂದರೆ ಕನ್ನಡದ ಗುಂಪಿಗೆ ಸೇರಿದ ಇಲಿಯೂ ತಾಯ ಹೊಟ್ಟೆಯಲ್ಲಿದ್ದಾಗ, ಮೊಲೆ ಕುಡಿಯುವಾಗ ಪಂಜಾಬಿಯೇ ಆಗಿತ್ತು. ಕನ್ನಡಿಗ ತಾಯಿಗೆ ಹುಟ್ಟಿ ಕನ್ನಡದ ಊಟ ಉಂಡ ಇಲಿಯ ತೂಕ ಎಷ್ಟಿರುತ್ತಿತ್ತು? ಮೆಕ್‌ಕ್ಯಾರಿಸನ್ ಕೇಳಿದ್ದು ಆ ಪ್ರಶ್ನೆಯನ್ನಲ್ಲ. ಆದರೆ ಕಳೆದ ಅರವತ್ತು-ಎಪ್ಪತ್ತು ವರ್ಷಗಳಲ್ಲಿ ಪ್ರಯೋಗಶಾಲೆಯ ಇಲಿಯನ್ನು ನೆಚ್ಚಿಕೊಂಡ ವಿಜ್ಞಾನಕ್ಕೆಲ್ಲ ತೊಡಕಾಗಿ ನಿಂತಿರುವುದು ಇದೇ. ಬೆಳೆದ ಇಲಿಯ ರಕ್ತದೊತ್ತಡ, ಸಕ್ಕರೆ, ಹಾರ್ಮೋನು, ನೆನಪಿನ ಶಕ್ತಿಯನ್ನು ಅಳೆಯುವಾಗ ನಾವು ಅಳೆಯುವುದು ಇವತ್ತಿನ ಪ್ರಯೋಗದ ಫಲವನ್ನೋ, ಅದು ಮರಿಯಾಗಿದ್ದಾಗಿನ ಮೂರು ವಾರಗಳ ಫಲವನ್ನೋ?

ತೂಕದ ಪಟ್ಟಿಯಿಂದ ತಾಯಿಯ ನಾಲಿಗೆಯವರೆಗೆ

ಬಿಳಿ ಇಲಿಯನ್ನು ವಿಜ್ಞಾನದ ಸಲಕರಣೆಯಾಗಿ ರೂಪಿಸಿದ್ದು ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆ. 1906ರಲ್ಲಿ ಅಲ್ಲಿ ಶುರುವಾದ ತಳಿಯ ಹೆಸರು ಇಂದು ಕರ್ನಾಟಕದ ಯಾವ ಫಾರ್ಮಸಿ ಕಾಲೇಜಿನ ಪ್ರಬಂಧ ತೆರೆದರೂ ಸಿಗುತ್ತದೆ. ತಳಿ ಒಂದೇ, ವಯಸ್ಸು ಒಂದೇ, ಪಂಜರ ಒಂದೇ ಆದರೆ ಇಲಿಯೂ ಒಂದೇ ಎಂಬುದು ಆಗಿನ ನಂಬಿಕೆ. ರಾಸಾಯನಿಕ ಶುದ್ಧವಾಗಿದ್ದರೆ ಬಾಟಲಿ ಯಾವುದಾದರೇನು ಎಂಬ ಧಾಟಿ ಅದು.

ಆ ನಂಬಿಕೆಗೆ ಮೊದಲ ಬಿರುಕು ಬಿದ್ದದ್ದು 1950ರ ದಶಕದ ಕೊನೆಯಲ್ಲಿ, ಎರಡು ಬೇರೆ ಬೇರೆ ಕಡೆಗಳಿಂದ. ಕೇಂಬ್ರಿಜ್‌ನಲ್ಲಿ ಕೆನಡಿ, ಆಮೇಲೆ ಎಲ್ಸಿ ವಿಡ್ಡೋಸನ್ ಮತ್ತು ಮೆಕ್‌ಕ್ಯಾನ್ಸ್ ಹುಟ್ಟಿದ ಮರಿಗಳನ್ನು ಕೂಡಿಸಿ ಮತ್ತೆ ಹಂಚಿದರು. ಒಬ್ಬ ತಾಯಿಯ ಮೊಲೆಗೆ ಮೂರೇ ಮರಿ, ಇನ್ನೊಬ್ಬಳಿಗೆ ಹದಿನೈದು ಇಪ್ಪತ್ತು. ಹಾಲು ಬಿಡಿಸಿದ ಮೇಲೆ ಎಲ್ಲಕ್ಕೂ ಹೊಟ್ಟೆ ತುಂಬ ತಿನ್ನಲು ಇಟ್ಟರೂ ಇಕ್ಕಟ್ಟಿನಲ್ಲಿ ಮೊಲೆಯುಂಡ ಮರಿಗಳು ಸಾಯುವವರೆಗೂ ಸಣ್ಣವಾಗಿಯೇ ಉಳಿದವು. ಅದೇ ಬರಗಾಲವನ್ನು ಕೆಲವು ವಾರ ತಡವಾಗಿ ತಂದರೆ ಇಲಿ ಚೇತರಿಸಿಕೊಳ್ಳುತ್ತಿತ್ತು. ಎಷ್ಟು ಉಪವಾಸ ಎನ್ನುವುದಕ್ಕಿಂತ ಯಾವಾಗ ಉಪವಾಸ ಎನ್ನುವುದೇ ದೊಡ್ಡದಾಯಿತು.

ಇನ್ನೊಂದು ಕಡೆ ಅಮೆರಿಕದ ಸೀಮೋರ್ ಲೆವಿನ್. ಮರಿಗಳನ್ನು ದಿನಾ ಕೆಲವು ನಿಮಿಷ ಗೂಡಿನಿಂದ ಎತ್ತಿ ಮತ್ತೆ ಇಟ್ಟರೆ ಅವು ಹೆದರುಪುಕ್ಕಲಾಗುತ್ತವೆ ಎಂದುಕೊಂಡಿದ್ದವರಿಗೆ 1957ರಲ್ಲಿ ಅವರು ತೋರಿಸಿದ್ದು ಅದರ ತಿರುಗುಮುರುಗು. ಹಾಗೆ ಎತ್ತಿಟ್ಟ ಮರಿಗಳು ಬೆಳೆದ ಮೇಲೆ ಒತ್ತಡವನ್ನು ಹೆಚ್ಚು ಗಟ್ಟಿಯಾಗಿ ತಡೆದುಕೊಂಡವು. ಯಾರೂ ಮುಟ್ಟದೆ ಬಿಟ್ಟವೇ ಹೆಚ್ಚು ಕಂಗೆಟ್ಟವು. ಕಾರಣ ಮನುಷ್ಯನ ಕೈಯಲ್ಲ, ಮರಿ ವಾಪಸು ಬಂದ ಕೂಡಲೇ ತಾಯಿ ಅದನ್ನು ನೆಕ್ಕಿ ನೆಕ್ಕಿ ಇಡುತ್ತಾಳೆ ಎಂಬ ವಿವರಣೆ ಆಮೇಲೆ ಗಟ್ಟಿಯಾಯಿತು. ಮಾಂಟ್ರಿಯಲ್‌ನ ಮೈಕೆಲ್ ಮೀನಿ ಅವರ ತಂಡ 1997ರಲ್ಲಿ, ಯಾರೂ ಕೈಹಾಕದೆಯೇ ಕೆಲವು ತಾಯಂದಿರು ಹೆಚ್ಚು ನೆಕ್ಕುತ್ತಾರೆ, ಕೆಲವರು ಕಡಿಮೆ; ಮರಿಗಳ ಒತ್ತಡದ ಹಾರ್ಮೋನು ಅದಕ್ಕೆ ತಕ್ಕಂತೆ ಇರುತ್ತದೆ ಎಂದು ತೋರಿಸಿತು. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವವಳಿಗೆ ಹಚ್ಚಿದರೆ ಮರಿ ಸಾಕಿದವಳ ಹಾದಿ ಹಿಡಿಯಿತು. 2004ರಲ್ಲಿ ಅದೇ ತಂಡ, ಮಿದುಳಿನ ಹಿಪೊಕ್ಯಾಂಪಸ್‌ನಲ್ಲಿ ಒಂದು ವಂಶವಾಹಿಯ ಮೇಲಿನ ರಾಸಾಯನಿಕ ಗುರುತು ತಾಯಿಯ ನೆಕ್ಕುವಿಕೆಗೆ ತಕ್ಕಂತೆ ಬದಲಾಗುತ್ತದೆ ಎಂದಿತು. ಎಪಿಜೆನೆಟಿಕ್ಸ್ ಎಂಬ ಹೆಸರು ಪತ್ರಿಕೆಗಳ ಭಾನುವಾರದ ಪುಟಗಳಿಗೆ ಬಂದದ್ದು ಹೆಚ್ಚುಕಡಿಮೆ ಅಲ್ಲಿಂದಾಚೆಗೆ.

ಬಸಿರಿನ ಬರ: ಮೈಸೂರು, ಪುಣೆ, ಹೈದರಾಬಾದು

ಊಟವನ್ನೇ ಮುಖ್ಯ ಮಾಡುವ ಪಂಥಕ್ಕೆ ಗಟ್ಟಿ ಆಕಾರ ಬಂದದ್ದು 1992ರಲ್ಲಿ, ಇಂಗ್ಲೆಂಡಿನ ಹೇಲ್ಸ್ ಮತ್ತು ಬಾರ್ಕರ್ ಅವರಿಂದ. ಬಸಿರಿನಲ್ಲಿ ಕೊರತೆ ಉಂಡ ಮಗು ಮಿದುಳನ್ನು ಉಳಿಸಿಕೊಳ್ಳಲು ಮೇದೋಜೀರಕ, ಮೂತ್ರಪಿಂಡ, ಸ್ನಾಯುಗಳ ಪಾಲನ್ನು ಕಡಿತ ಮಾಡುತ್ತದೆ; ಮುಂದೆ ಊಟ ಸಮೃದ್ಧವಾದಾಗ ಆ ಕಡಿತವೇ ಸಕ್ಕರೆ ಕಾಯಿಲೆಯಾಗಿ, ರಕ್ತದೊತ್ತಡವಾಗಿ ತಲೆಯೆತ್ತುತ್ತದೆ ಎಂಬುದು ಅವರ ವಾದ. ಇದನ್ನು ಇಲಿಯಲ್ಲಿ ಪರೀಕ್ಷಿಸುವ ಬಗೆ ಸರಳ. ಬಸುರಿ ಇಲಿಗಳ ಒಂದು ಗುಂಪಿಗೆ ಶೇಕಡಾ 18 ಪ್ರೋಟೀನಿನ ಆಹಾರ, ಇನ್ನೊಂದಕ್ಕೆ ಅದರ ಅರ್ಧ. ಅರ್ಧ ಉಂಡವರ ಮರಿಗಳಿಗೆ ಬೆಳೆದ ಮೇಲೆ ರಕ್ತದೊತ್ತಡ ಏರಿದ್ದನ್ನು ಸೈಮನ್ ಲಾಂಗ್ಲಿ-ಇವಾನ್ಸ್ ಮುಂತಾದವರು ಮತ್ತೆ ಮತ್ತೆ ಕಂಡರು.

ಮನುಷ್ಯರ ಪಾಲಿಗೆ ಇದರ ದೊಡ್ಡ ಪರೀಕ್ಷೆ ನಡೆದ ಊರುಗಳಲ್ಲಿ ಒಂದು ಮೈಸೂರು. ಅಲ್ಲಿ ಹಳೆಯ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ದಾಖಲೆಗಳಲ್ಲಿ 1934ರಿಂದಲೂ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಮಕ್ಕಳು ನಲವತ್ತು ಐವತ್ತು ದಾಟಿದ ಮೇಲೆ ಕ್ಯಾರೊಲಿನ್ ಫಾಲ್ ಅವರ ತಂಡ ಅವರನ್ನು ಹುಡುಕಿಕೊಂಡು ಹೋಯಿತು. 517 ಜನರನ್ನು ನೋಡಿ 1996ರಲ್ಲಿ ಪ್ರಕಟಿಸಿದ ಫಲಿತಾಂಶ ಬಾರ್ಕರ್ ಹೇಳಿದ ಹಾಗೆಯೇ ಇತ್ತು: ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಹೃದ್ರೋಗ ಶೇಕಡಾ 11, ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಶೇಕಡಾ 3. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಎರಡು ವರ್ಷ ಬಿಟ್ಟು ಬೇರೆ ದಿಕ್ಕಿಗೆ ಹೋಯಿತು. ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡದ್ದು ಸಣಕಲಾಗಿ ಹುಟ್ಟಿದವರಲ್ಲಲ್ಲ. ಉದ್ದಕ್ಕೆ ಗಿಡ್ಡ, ಮೈಗೆ ದುಂಡಗೆ ಹುಟ್ಟಿದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ. ಬಸಿರಿನ ಹೊತ್ತಿನಲ್ಲೇ ತಾಯಿಗೆ ಸಕ್ಕರೆ ಏರಿರಬಹುದು ಎಂಬ ಗುಮಾನಿಯಿಂದ ಅದೇ ಆಸ್ಪತ್ರೆಯಲ್ಲಿ 1997ರಿಂದ ಬಸುರಿಯರನ್ನೇ ಹಿಡಿದು, ಅವರ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಇನ್ನೊಂದು ಅಧ್ಯಯನ ಹುಟ್ಟಿತು.

ಇಲಿಯ ವಿಜ್ಞಾನಿಗಳಿಗೆ ಮೈಸೂರಿನ ಪಾಠ ಇಷ್ಟು: ಅರೆಹೊಟ್ಟೆ ಒಂದೇ ಬಗೆಯದಲ್ಲ, ತುಂಬಿದ ಹೊಟ್ಟೆಯೂ ಒಂದೇ ಬಗೆಯದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ, ಅಂದರೆ ಕೂನೂರಿನ ಮೆಕ್‌ಕ್ಯಾರಿಸನ್ ಶಾಲೆಯೇ 1958ರಲ್ಲಿ ಗುಳೆ ಹೋಗಿ ನೆಲೆನಿಂತ ಸಂಸ್ಥೆ, ಇದನ್ನು ಬಿಡಿಸಿ ನೋಡಿತು. ಅಲ್ಲಿ ರಘುನಾಥ್ ಅವರ ತಂಡ ತಾಯಿ ಇಲಿಗಳಿಗೆ ಹೊಟ್ಟೆ ತುಂಬ ಕೊಟ್ಟು, ಮ್ಯಾಗ್ನೀಸಿಯಂ, ಕ್ರೋಮಿಯಂನಂಥ ಖನಿಜಗಳನ್ನಷ್ಟೇ ತಗ್ಗಿಸಿತು. ಮರಿಗಳ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿತು. ಹಸಿವೆಯೇ ಇಲ್ಲದ ಬರ ಅದು.

ಪುಣೆಯ ಪ್ರಯೋಗ ಇನ್ನೂ ದೂರ ಹೋಯಿತು. ಆನಂದವರ್ಧನ ಹರ್ಡೀಕರ್, ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ವಿಸ್ಟಾರ್ ಇಲಿಗಳನ್ನು ಐವತ್ತು ತಲೆಮಾರು ಅರೆಹೊಟ್ಟೆಯಲ್ಲಿ ಸಾಕಲಾಗಿತ್ತು. ಅವುಗಳ ಮರಿಗಳು ಹುಟ್ಟಿನಿಂದಲೇ ಹಗುರ, ಒಳಗೆ ಕೊಬ್ಬು ಜಾಸ್ತಿ, ಇನ್ಸುಲಿನ್‌ಗೆ ಮೈ ಬಗ್ಗುತ್ತಿರಲಿಲ್ಲ, ಬಿ12 ಕಡಿಮೆ. ನಮ್ಮ ದೇಶದ ಸಣಕಲು ಕೂಸಿನ ಪಡಿಯಚ್ಚೇ. ಆಮೇಲೆ ಎರಡು ತಲೆಮಾರು ಹೊಟ್ಟೆ ತುಂಬ ಕೊಟ್ಟರೂ ಈ ಚಿತ್ರ ಅಳಿಸಿಹೋಗಲಿಲ್ಲ. ಇಂಥ ಇಲಿಯನ್ನು ಯುರೋಪಿನ ಚೆನ್ನಾಗಿ ಉಂಡ ಇಲಿಯ ಪಕ್ಕಕ್ಕಿಟ್ಟು ಒಂದು ಮಾತ್ರೆ ಕೊಟ್ಟರೆ ಎರಡೂ ಒಂದೇ ಉತ್ತರ ಕೊಡುತ್ತವೆಂದು ನಿರೀಕ್ಷಿಸುವುದಾದರೂ ಹೇಗೆ?

ಈ ಪಂಥದೊಳಗೇ ಒಂದು ಒಡಕಿದೆ. ಹೇಲ್ಸ್-ಬಾರ್ಕರ್ ಕಣ್ಣಿಗೆ ಬಾಲ್ಯದ ಕೊರತೆ ಒಂದು ಗಾಯ. ನ್ಯೂಜಿಲೆಂಡಿನ ಪೀಟರ್ ಗ್ಲಕ್‌ಮನ್ ಮತ್ತು ಇಂಗ್ಲೆಂಡಿನ ಮಾರ್ಕ್ ಹ್ಯಾನ್ಸನ್ ಕಣ್ಣಿಗೆ ಅದು ಮುನ್ಸೂಚನೆ: ಹೊರಗೆ ಬರ ಇದೆ ಎಂದು ತಾಯ ಮೈ ಹೇಳುತ್ತದೆ, ಮರಿ ಅದಕ್ಕೆ ತಕ್ಕಂತೆ ಸಿದ್ಧವಾಗುತ್ತದೆ, ಹೊರಗೆ ಬಂದಾಗ ಸುಗ್ಗಿ ಎದುರಾದರೆ ತಾಳ ತಪ್ಪುತ್ತದೆ. ಮೊದಲನೆಯವರ ಲೆಕ್ಕದಲ್ಲಿ ಮರಿಗೆ ಎಂದೂ ಕೊರತೆ ಒಳ್ಳೆಯದಲ್ಲ. ಎರಡನೆಯವರ ಲೆಕ್ಕದಲ್ಲಿ ಕೊರತೆಗೆ ಹುಟ್ಟಿ ಕೊರತೆಯಲ್ಲೇ ಬೆಳೆದರೆ ನಷ್ಟ ಕಡಿಮೆ. ಪಂಜರದ ಇಲಿ ಸಾಮಾನ್ಯವಾಗಿ ಎರಡೇ ವರ್ಷ ಬಾಳುವ, ನಿತ್ಯ ಸುಗ್ಗಿಯ ಪ್ರಾಣಿಯಾದ್ದರಿಂದ ಎರಡನೆಯ ವಾದವನ್ನು ನೇರ್ಪಾಗಿ ಪರೀಕ್ಷಿಸುವುದು ಕಷ್ಟ. ಪುಸ್ತಕದಲ್ಲಿ ಸೊಗಸಾಗಿ ಕಾಣುವ ಈ ಎರಡನೆಯ ವಾದಕ್ಕೆ ಇಲಿಮನೆಯಲ್ಲಿ ಸಿಕ್ಕ ಬೆಂಬಲ ನನ್ನ ಮಟ್ಟಿಗೆ ಇನ್ನೂ ತೆಳುವಾಗಿಯೇ ಇದೆ.

ತಾಯಿ ದೂರವಾದ ಮೂರು ತಾಸು

ಲೆವಿನ್ ಹಾದಿಯವರು ಊಟಕ್ಕಿಂತ ಒತ್ತಡವನ್ನು ನೋಡುತ್ತಾರೆ. ಇವರ ಸಾಮಾನ್ಯ ಪ್ರಯೋಗ: ಹುಟ್ಟಿದ ಎರಡನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಮರಿಗಳನ್ನು ದಿನಕ್ಕೆ ಮೂರು ತಾಸು ತಾಯಿಯಿಂದ ದೂರ ಇಡುವುದು. ಕ್ಯಾಲಿಫೋರ್ನಿಯಾದ ಟ್ಯಾಲಿ ಬರಾಮ್ ಬೇರೆ ಹಾದಿ ಹಿಡಿದರು. ತಾಯಿಯನ್ನು ತೆಗೆಯದೆ ಗೂಡು ಕಟ್ಟುವ ಸಾಮಾನನ್ನು ಮಾತ್ರ ಕಡಿಮೆ ಮಾಡಿದರು. ಗೂಡು ಸರಿಯಾಗದ ತಾಯಿ ತಡಬಡಾಯಿಸಿ ಮರಿಗಳನ್ನು ನೋಡುವ ರೀತಿ ಚೂರುಚೂರಾಯಿತು.

ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ ಇಂಥ ಇಲಿಗಳನ್ನು ಒಂದೇ ವಯಸ್ಸಿನಲ್ಲಿ ನೋಡಿ ಸುಮ್ಮನಾಗಲಿಲ್ಲ. ತಾಯಿಯಿಂದ ದೂರವಿದ್ದು ಬೆಳೆದವು ಹರೆಯದಲ್ಲಿ ನೆನಪಿನ ಪರೀಕ್ಷೆಗಳಲ್ಲಿ ಮುಂದೆಯೇ ಇದ್ದವು, ಅವುಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳೂ ಹೆಚ್ಚಿದ್ದವು. ನಡುವಯಸ್ಸಿಗೆ ಬರುವಾಗ ಅದೆಲ್ಲ ಇಳಿದು ಹಿಂದೆ ಬಿದ್ದವು. ಎರಡು ತಿಂಗಳ ಇಲಿಯನ್ನು ಅಳೆದವರು ಬಾಲ್ಯದ ಒತ್ತಡ ಒಳ್ಳೆಯದು ಎನ್ನುತ್ತಾರೆ, ವರ್ಷ ದಾಟಿದ ಇಲಿಯನ್ನು ಅಳೆದವರು ಕೆಟ್ಟದ್ದು ಎನ್ನುತ್ತಾರೆ. ಇಬ್ಬರ ಮಾಪನದಲ್ಲೂ ತಪ್ಪಿಲ್ಲ. ಈ ಕ್ಷೇತ್ರದ ಜಗಳಗಳಲ್ಲಿ ಹಲವು ಹೀಗೆ ಬಗೆಹರಿಯುತ್ತವೆಂದು ನನ್ನ ಅನುಮಾನ.

ಬೆಂಗಳೂರಿನ ನಿಮ್ಹಾನ್ಸ್‌ನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಈ ವಿಷಯದ ಗಂಟು ಅಲ್ಲಿ ಚೆನ್ನಾಗಿ ಕಾಣುತ್ತದೆ. ಟಿ. ಆರ್. ರಾಜು ಮತ್ತು ಬಿ. ಎಸ್. ಶಂಕರನಾರಾಯಣ ರಾವ್ ಅವರ ಪ್ರಯೋಗಶಾಲೆ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮರಿಗಳಿಗೆ ಎಂಟನೇ ದಿನದಿಂದ ಇಪ್ಪತ್ತೊಂದನೇ ದಿನದವರೆಗೆ ಕ್ಲೊಮಿಪ್ರಮಿನ್ ಎಂಬ ಔಷಧಿ ಕೊಡುತ್ತಾರೆ. ದೊಡ್ಡವರಿಗೆ ಖಿನ್ನತೆ ಇಳಿಸುವ ಔಷಧಿ ಅದು. ಮರಿಯಾಗಿದ್ದಾಗ ಕೊಟ್ಟರೆ ಫಲ ತಿರುಗುಮುರುಗು: ಬೆಳೆದ ಇಲಿಯಲ್ಲಿ ಖಿನ್ನತೆಯ ಲಕ್ಷಣ, ಕಲಿಕೆಯಲ್ಲಿ ಹಿಂದುಳಿಯುವಿಕೆ. ಬಾಲ್ಯದ ಎರಡು ವಾರ ಬದುಕಿಡೀ ಹೇಗೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಇನ್ನು ಇಂಥ ಪ್ರಯೋಗಗಳಲ್ಲಿ ಹೋಲಿಕೆಗೆ ಇಡುವ ಗುಂಪನ್ನು ಯೋಚಿಸಿ. ಔಷಧಿಯ ಬದಲು ಉಪ್ಪುನೀರು ಕೊಡಬೇಕಾದರೂ ಆ ಮರಿಯನ್ನು ದಿನಾ ಗೂಡಿನಿಂದ ಎತ್ತಲೇಬೇಕು, ಹಿಡಿಯಲೇಬೇಕು, ವಾಪಸು ಇಡಲೇಬೇಕು. ಲೆವಿನ್ ಪ್ರಕಾರ ಅದೇ ಒಂದು ಚಿಕಿತ್ಸೆ. ಹಾಗಾದರೆ ಏನನ್ನೂ ಮಾಡದ ಇಲಿ ಯಾವುದು? ಮುಟ್ಟದೆ ಬಿಟ್ಟರೆ ಅದು ಹೆಚ್ಚು ಹೆದರುವ ಇಲಿ, ಮುಟ್ಟಿದರೆ ಹೆಚ್ಚು ಗಟ್ಟಿಯಾದ ಇಲಿ, ವಾರಕ್ಕೆರಡು ಸಲ ಪಂಜರದ ಭತ್ತದ ಹೊಟ್ಟು ಬದಲಿಸುವ ನೆಪದಲ್ಲಿ ಮುಟ್ಟಿದರೆ ನಡುವಿನದು. ಮೂರು ತಾಸು ದೂರ ಇಟ್ಟ ಮರಿಗಳನ್ನು ಯಾವ ಗುಂಪಿನ ಜೊತೆ ಹೋಲಿಸುತ್ತೇವೋ ಅದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಒಂದೇ ಪ್ರಯೋಗಕ್ಕೆ ಬೇರೆ ಬೇರೆ ಉತ್ತರ ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ಹೋಲಿಕೆಗೆ ಇಟ್ಟ ಇಲಿ ಆರೋಗ್ಯವಾಗಿದೆಯೇ?

ಮೂರನೆಯ ಪಂಥದವರು ಇಲ್ಲಿಂದಲೇ ಹೊರಡುತ್ತಾರೆ. ಅವರಿಗೆ ವಿಶೇಷ ಪ್ರಯೋಗಕ್ಕಿಂತ ಪಂಜರದ ದಿನನಿತ್ಯವೇ ಅನುಮಾನದ ವಸ್ತು. 2010ರಲ್ಲಿ ಅಮೆರಿಕದ ಮಾರ್ಕ್ ಮ್ಯಾಟ್ಸನ್ ಮತ್ತು ಸಂಗಡಿಗರು ಪ್ರಯೋಗಶಾಲೆಯ ಸಾಮಾನ್ಯ ಇಲಿ ರೋಗಗ್ರಸ್ತ ಎಂದು ನೇರವಾಗಿ ಬರೆದರು. ಸದಾ ಮುಂದೆ ಆಹಾರ, ಓಡಲು ಜಾಗವಿಲ್ಲ, ಮೈಯಲ್ಲಿ ಕೊಬ್ಬು, ಸಕ್ಕರೆ ತಾಳದ ದೇಹ. ಇಂಥ ಇಲಿಗೆ ಉಪವಾಸ ಹಾಕಿ ಆಯುಷ್ಯ ಹೆಚ್ಚಿತು ಎಂದರೆ ಉಪವಾಸದ ಹಿರಿಮೆ ತಿಳಿಯಿತೇ, ಅತಿಯೂಟದ ಕೇಡು ತಿಳಿಯಿತೇ?

ಚಳಿಯ ಮಾತೂ ಇದೆ. ಚಿಕ್ಕ ಜಾತಿಯ ಇಲಿ, ಅಂದರೆ ಮೌಸ್, ಮೈ ಬೆಚ್ಚಗಿಡಲು ಹೆಣಗದೆ ಇರುವುದು ಸುಮಾರು 30 ಡಿಗ್ರಿಯಲ್ಲಿ. ಪಾಶ್ಚಾತ್ಯ ಪ್ರಾಣಿಗೃಹಗಳನ್ನು ಇಡುವುದು ಇಪ್ಪತ್ತರ ಆಸುಪಾಸಿನಲ್ಲಿ, ಅಂಗಿ ತೊಟ್ಟ ಕೆಲಸಗಾರರಿಗೆ ಹಿತವಾಗುವಂತೆ. ಅಲ್ಲಿನ ಮೌಸ್ ಹುಟ್ಟಿದಂದಿನಿಂದ ಉಂಡದ್ದರಲ್ಲಿ ದೊಡ್ಡ ಪಾಲನ್ನು ಬಿಸಿಗೆ ಸುಡುತ್ತಿರುತ್ತದೆ. ಬೆಚ್ಚಗಿಟ್ಟರೆ ಅದೇ ಮೌಸ್‌ನಲ್ಲಿ ಗಡ್ಡೆಗಳು ನಿಧಾನವಾಗಿ ಬೆಳೆಯುತ್ತವೆ ಎಂದು 2013ರಲ್ಲಿ ಕಂಡುಬಂತು. ನಮ್ಮಲ್ಲಿ ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ರಚನೆಯಾದ ಸಮಿತಿಯ ಮಾರ್ಗಸೂಚಿ 18ರಿಂದ 29 ಡಿಗ್ರಿಯವರೆಗೆ ಅವಕಾಶ ಕೊಡುತ್ತದೆ. ಒಂದು ತುದಿಯಲ್ಲಿ ನಡುಗುವ ಮರಿ, ಇನ್ನೊಂದು ತುದಿಯಲ್ಲಿ ಹಾಯಾಗಿರುವ ಮರಿ; ಎರಡೂ ನಿಯಮದೊಳಗೇ. ಏರ್ ಕಂಡೀಷನರ್ ಇರುವ ಬೆಂಗಳೂರಿನ ಪ್ರಾಣಿಗೃಹಕ್ಕೂ ಫ್ಯಾನಿನ ಮೇಲೆ ನಡೆಯುವ ಬಯಲುಸೀಮೆಯ ಕಾಲೇಜಿನ ಕೋಣೆಗೂ ಇರುವ ಅಂತರ ಪ್ರಬಂಧದಲ್ಲಿ ಒಂದು ಸಾಲಾಗಿಯೂ ಬರುವುದಿಲ್ಲ.

ಸೂಕ್ಷ್ಮಜೀವಿಗಳ ಕತೆ ಇದಕ್ಕಿಂತ ವಿಚಿತ್ರ. ಅಮೆರಿಕದ ಎರಡು ಕಂಪನಿಗಳಿಂದ ತರಿಸಿದ ಒಂದೇ ತಳಿಯ ಮೌಸ್‌ಗಳ ರೋಗನಿರೋಧಕ ಕೋಶಗಳು ಬೇರೆ ಬೇರೆಯಾಗಿದ್ದವು. ಕಾರಣ, ಒಂದು ಕಂಪನಿಯ ಮೌಸ್‌ಗಳ ಕರುಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇತ್ತು, ಇನ್ನೊಂದು ಕಂಪನಿಯವುಗಳಲ್ಲಿ ಇರಲಿಲ್ಲ. 2009ರ ಶೋಧ ಅದು. ಅಂಗಡಿಯಲ್ಲಿ ಮಾರುವ ಮೌಸ್‌ಗಳ ರೋಗನಿರೋಧಕ ವ್ಯವಸ್ಥೆ ದೊಡ್ಡ ಮನುಷ್ಯರದಕ್ಕೆ ಹತ್ತಿರ, ಪ್ರಯೋಗಶಾಲೆಯ ಶುಚಿಯಾದ ಮೌಸ್‌ನದು ಹಸುಗೂಸಿನದಕ್ಕೆ ಹತ್ತಿರ ಎಂದು 2016ರಲ್ಲಿ ತಿಳಿಯಿತು. 2019ರಲ್ಲಿ ಸ್ಟೀಫನ್ ರೋಸ್‌ಹಾರ್ಟ್ ಮತ್ತು ಸಂಗಡಿಗರು ಪ್ರಯೋಗಶಾಲೆಯ ಭ್ರೂಣವನ್ನು ಕಾಡು ಮೌಸ್ ತಾಯಿಯ ಬಸಿರಲ್ಲಿ ಬೆಳೆಸಿದರು. ಹಾಗೆ ಹುಟ್ಟಿದ ಮರಿಗಳು, 2006ರಲ್ಲಿ ಲಂಡನ್ನಿನ ಸ್ವಯಂಸೇವಕರನ್ನು ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸಿದ ಆ ಕುಖ್ಯಾತ ಔಷಧಿಯಂಥದೇ ಔಷಧಿಗೆ ಮನುಷ್ಯರಂತೆಯೇ ಕೆರಳಿದವು. ಶುಚಿಯಾದ ಮೌಸ್‌ಗಳು ಆ ಅಪಾಯವನ್ನು ತೋರಿಸಿರಲೇ ಇಲ್ಲ.

ನಮ್ಮ ಹಳ್ಳಿ ತೇರಗಾಂವದ ಕಡೆ ಭತ್ತದ ಗದ್ದೆಯ ಬದುವಿನಲ್ಲಿ ಹೆಗ್ಗಣ ತೋಡಿದ ಬಿಲವನ್ನು ಸುಗ್ಗಿಯ ಹೊತ್ತಿಗೆ ಅಗೆದು ನೋಡಿದವರಿಗೆ ಪಂಜರದ ಬಡತನವನ್ನು ಬಿಡಿಸಿ ಹೇಳಬೇಕಿಲ್ಲ. ಸುತ್ತು ಬಳಸಿನ ಸುರಂಗ, ಒಂದು ಕಡೆ ಕಡಿದು ತಂದ ತೆನೆಗಳ ಕಣಜ, ಇನ್ನೊಂದು ಕಡೆ ಹುಲ್ಲು ಹಾಸಿದ ಬೆಚ್ಚನೆಯ ಕತ್ತಲು, ಅಲ್ಲಿ ಕಣ್ಣು ತೆರೆಯದ ಕೆಂಪು ಮರಿಗಳು. ತಾಯಿಗೆ ಬೇಕೆಂದಾಗ ಮರಿಗಳಿಂದ ದೂರ ಹೋಗುವ ಜಾಗವೂ ಇರುತ್ತದೆ. ಪಂಜರದ ತಾಯಿಗೆ ಅದಿಲ್ಲ; ಇಪ್ಪತ್ತೊಂದು ದಿನ ಮರಿಗಳ ಮಧ್ಯೆಯೇ ಇರಬೇಕು, ಇಪ್ಪತ್ತೊಂದನೇ ದಿನ ಯಾರೋ ಬಂದು ಎಲ್ಲವನ್ನೂ ಒಂದೇ ಸಲಕ್ಕೆ ಎತ್ತಿಕೊಂಡು ಹೋಗುತ್ತಾರೆ. ನಿಮ್ಹಾನ್ಸ್‌ನ ತಂಡ 2009ರಲ್ಲಿ, ಒತ್ತಡಕ್ಕೆ ಸಿಕ್ಕ ಇಲಿಗಳನ್ನು ಆಟಿಕೆ, ಕೊಳವೆ, ಜೊತೆಗಾರರಿರುವ ದೊಡ್ಡ ಪಂಜರಕ್ಕೆ ಹಾಕಿದಾಗ ಅವುಗಳ ಕಲಿಕೆಯೂ ಹಿಪೊಕ್ಯಾಂಪಸ್‌ನ ಕೋಶಗಳೂ ಚೇತರಿಸಿಕೊಂಡದ್ದನ್ನು ತೋರಿಸಿತು. ಚಿಕಿತ್ಸೆ ಎಂದು ನೋಡಿದರೆ ಅದು ಭರವಸೆಯ ಸುದ್ದಿ. ಆದರೆ ನಾವು ಸಮೃದ್ಧ ಎಂದು ಕರೆಯುವ ಆ ಪಂಜರ ಬದುವಿನ ಬಿಲಕ್ಕಿಂತ ಬಡವಾದದ್ದೇ. ಹಾಗಿದ್ದರೆ ಚೇತರಿಸಿಕೊಂಡದ್ದು ಒತ್ತಡದಿಂದಲೋ, ಹುಟ್ಟಿದಂದಿನ ಬರಿ ಪಂಜರದಿಂದಲೋ?

ಎಂಟು ಮರಿ, ಒಬ್ಬಳು ತಾಯಿ

ನಾಲ್ಕನೆಯವರದು ಲೆಕ್ಕದ ತಕರಾರು; ಕೇಳಲು ಸಪ್ಪೆ, ಪರಿಣಾಮದಲ್ಲಿ ದೊಡ್ಡದು. ನಾಲ್ವರು ತಾಯಂದಿರಿಗೆ ಔಷಧಿ ಕೊಟ್ಟು, ಪ್ರತಿ ಸೂಲಿನ ಎಂಟು ಮರಿಗಳನ್ನು ಅಳೆದು, 32 ಇಲಿಗಳ ಮೇಲೆ ಪ್ರಯೋಗ ಎಂದು ಬರೆದರೆ ಅದು ನಿಜವಲ್ಲ. ಒಂದೇ ಸೂಲಿನ ಮರಿಗಳು ಒಂದೇ ಬಸಿರು, ಒಂದೇ ಹಾಲು, ಒಂದೇ ನೆಕ್ಕುವಿಕೆ ಹಂಚಿಕೊಂಡವು. ನಿಜವಾದ ಸಂಖ್ಯೆ ನಾಲ್ಕು. ಹಾಗೆ ಎಣಿಸಿದರೆ ಎಷ್ಟೋ ಹೆಸರುವಾಸಿ ಫಲಿತಾಂಶಗಳು ಕೈಜಾರುತ್ತವೆ. ಮರಿಗಳನ್ನು ಹುಟ್ಟಿದ ಕೂಡಲೇ ಎಂಟಕ್ಕೆ ಇಳಿಸಿ ಸಮ ಮಾಡುವುದು, ಸೂಲಿಗೊಂದು ಗಂಡು ಒಂದು ಹೆಣ್ಣು ಮಾತ್ರ ಆರಿಸುವುದು, ಬೇರೆ ತಾಯಿಗೆ ಹಚ್ಚುವುದು ಇವೆಲ್ಲ ಬಂದದ್ದು ಈ ಕಾರಣಕ್ಕೆ. ಒಂದೇ ಸೂಲಿನೊಳಗೂ ಸಮಾನತೆ ಇಲ್ಲ ಎನ್ನುವುದು ಬೇರೆ: ಬಸಿರಿನಲ್ಲಿ ಮರಿಗಳು ಅವರೆಕಾಯಿಯ ಕಾಳಿನಂತೆ ಸಾಲಾಗಿ ಕೂತಿರುತ್ತವೆ, ಎರಡು ಗಂಡುಗಳ ನಡುವೆ ಕೂತ ಹೆಣ್ಣಿಗೆ ಅವುಗಳ ಹಾರ್ಮೋನು ತಗುಲಿ ಅದರ ಮುಂದಿನ ನಡವಳಿಕೆಯೇ ಬದಲಾಗುತ್ತದೆ ಎಂದು ಫ್ರೆಡ್ರಿಕ್ ವಾಮ್ ಸಾಲ್ ಮೌಸ್‌ಗಳಲ್ಲಿ ತೋರಿಸಿದರು.

ನಮ್ಮ ಕಡೆಯ ಯಾವುದಾದರೂ ಸ್ನಾತಕೋತ್ತರ ಪ್ರಬಂಧ ತೆರೆದು ವಿಧಾನದ ಭಾಗ ಓದಿ. ವಿಸ್ಟಾರ್ ತಳಿಯ ಗಂಡು ಇಲಿಗಳು, ತೂಕ 180ರಿಂದ 200 ಗ್ರಾಂ, ಹನ್ನೆರಡು ತಾಸು ಬೆಳಕು ಹನ್ನೆರಡು ತಾಸು ಕತ್ತಲು, ಆಹಾರ ನೀರು ಯಥೇಚ್ಛ ಎಂಬ ಧಾಟಿಯ ವಾಕ್ಯ ಅಲ್ಲಿರುತ್ತದೆ. ತಾಯಿ ಯಾರು, ಸೂಲಿನಲ್ಲಿ ಎಷ್ಟು ಮರಿ, ಯಾವ ದಿನ ಹಾಲು ಬಿಡಿಸಿದರು, ಎಷ್ಟು ದೂರದಿಂದ ಯಾವ ಗಾಡಿಯಲ್ಲಿ ಬಂತು ಎಂಬುದಿಲ್ಲ. ತೂಕ ನೋಡಿ ಇಲಿ ಕೊಳ್ಳುವುದರಲ್ಲೇ ಒಂದು ಮೋಸ ಅಡಗಿದೆ. ಮೂರು ಮರಿಗಳ ಸೂಲಿನ ಇಲಿ ಬೇಗ 180 ಗ್ರಾಂ ಮುಟ್ಟುತ್ತದೆ, ಹದಿನಾಲ್ಕರ ಸೂಲಿನದು ತಡವಾಗಿ. ತಕ್ಕಡಿಯಲ್ಲಿ ಎರಡೂ ಸಮ. ವಯಸ್ಸು ಬೇರೆ, ಬಾಲ್ಯ ಬೇರೆ, ಹಸಿವೆಯ ಹದ ಬೇರೆ. ವಿಡ್ಡೋಸನ್ ಬೇಕೆಂದೇ ಮಾಡಿದ ಪ್ರಯೋಗವನ್ನು ನಾವು ಗೊತ್ತಿಲ್ಲದೆ ಮಾಡಿ, ಬಂದ ವ್ಯತ್ಯಾಸವನ್ನು ಅಮೃತಬಳ್ಳಿಯ ಕಷಾಯದ ಲೆಕ್ಕಕ್ಕೆ ಬರೆಯುತ್ತಿರಬಹುದು.

ಎಲ್ಲವನ್ನೂ ಒಂದೇ ಅಚ್ಚಿಗೆ ತಂದರೆ ಸರಿಹೋಗುತ್ತದೆ ಎಂಬ ವಾದಕ್ಕೆ 1999ರಲ್ಲಿ ಪೆಟ್ಟು ಬಿತ್ತು. ಕ್ರ್ಯಾಬ್, ವಾಲ್‌ಸ್ಟನ್, ಡುಡೆಕ್ ಮೂವರೂ ಮೂರು ಊರುಗಳಲ್ಲಿ ಅದೇ ತಳಿ, ಅದೇ ಸಲಕರಣೆ, ಅದೇ ವೇಳಾಪಟ್ಟಿ ಇಟ್ಟುಕೊಂಡು ಮೌಸ್‌ಗಳ ನಡವಳಿಕೆ ಅಳೆದರು. ಫಲಿತಾಂಶಗಳು ಊರಿಂದ ಊರಿಗೆ ಬದಲಾದವು. ಇದನ್ನು ಹಿಡಿದು ಹ್ಯಾನೊ ವುರ್ಬೆಲ್ ಎಂಬ ಸಂಶೋಧಕ ವಾದವನ್ನು ತಿರುಗಿಸಿ ಹಾಕಿದರು: ಅತಿಯಾಗಿ ಒಂದೇ ಅಚ್ಚಿಗೆ ತಂದರೆ ಸಿಗುವುದು ಆ ಒಂದು ಕೋಣೆಗಷ್ಟೇ ಸತ್ಯವಾದ ಉತ್ತರ. ವಯಸ್ಸು, ಪಂಜರ, ತಾಯಂದಿರು ಎಲ್ಲವನ್ನೂ ಬೇಕೆಂದೇ ಬೆರೆಸಿ. ಆದರೂ ಉಳಿಯುವ ಪರಿಣಾಮವೇ ನಂಬಲರ್ಹ. ನನಗೆ ವುರ್ಬೆಲ್ ಮಾತು ಹೆಚ್ಚು ಹಿಡಿಸುತ್ತದೆ, ನಮ್ಮ ಬಡ ಪ್ರಾಣಿಗೃಹಗಳ ಸಲುವಾಗಿ ಅಲ್ಲ, ಔಷಧಿ ಕೊನೆಗೆ ಹೋಗಿ ಮುಟ್ಟುವುದು ಬಗೆಬಗೆಯ ಬಾಲ್ಯ ಕಂಡ ಜನರನ್ನು ಎಂಬ ಕಾರಣಕ್ಕೆ.

ಇನ್ನೂ ತೀರದ ಲೆಕ್ಕಗಳು

ದಿನಗಳ ಲೆಕ್ಕ ಮೊದಲನೆಯದು. ಇಲಿ ಹುಟ್ಟುವುದು ಅರೆಬೆಂದ ಸ್ಥಿತಿಯಲ್ಲಿ. ಅದರ ಮೂತ್ರಪಿಂಡ ಹುಟ್ಟಿದ ಮೇಲೂ ವಾರಕ್ಕಿಂತ ಹೆಚ್ಚು ಕಾಲ ಕಟ್ಟಿಕೊಳ್ಳುತ್ತಿರುತ್ತದೆ, ಮನುಷ್ಯನದು ಬಸಿರಿನಲ್ಲೇ ಮುಗಿದಿರುತ್ತದೆ. ಹಸಿವೆಯನ್ನು ನಿಭಾಯಿಸುವ ಮಿದುಳಿನ ನರಗಳ ಜೋಡಣೆ ಇಲಿಯಲ್ಲಿ ಎರಡನೇ ವಾರದ ಕೆಲಸ. ಹಾಗಾಗಿ ಮರಿಯ ಮೊದಲ ವಾರವನ್ನು ಮನುಷ್ಯನ ಯಾವ ತಿಂಗಳಿಗೆ ಹೊಂದಿಸಬೇಕು? ಅಂಗದಿಂದ ಅಂಗಕ್ಕೆ ಉತ್ತರ ಬದಲಾಗುತ್ತದೆ, ಒಪ್ಪಿತ ಪಟ್ಟಿ ಇಲ್ಲ.

ವಾರಸಿಕೆಯ ಜಗಳ ಹೆಚ್ಚು ಬಿಸಿಯಾದದ್ದು. ಬಸುರಿ ಇಲಿಗೆ ಉಪವಾಸ ಹಾಕಿದರೆ ಅವಳೊಬ್ಬಳೇ ಅಲ್ಲ, ಒಳಗಿರುವ ಮರಿಯೂ, ಆ ಮರಿಯೊಳಗೆ ಆಗಲೇ ಸಿದ್ಧವಾಗುತ್ತಿರುವ ಮುಂದಿನ ಪೀಳಿಗೆಯ ಬೀಜಕೋಶಗಳೂ ಉಪವಾಸ ಬೀಳುತ್ತವೆ. ಮೂರು ಪೀಳಿಗೆಗೆ ಏಟು ನೇರವಾಗಿಯೇ ತಗುಲಿದೆ. ನಿಜವಾಗಿ ದಾಟಿ ಬಂದದ್ದು ಎನ್ನಬೇಕಾದರೆ ಮರಿಮಕ್ಕಳವರೆಗೆ ಕಾಯಬೇಕು. ಅಷ್ಟು ದೂರ ಕಾದವರು ಕಡಿಮೆ. ಕಾದವರಲ್ಲೂ ದಾಟಿದ್ದು ರಾಸಾಯನಿಕ ಗುರುತೋ, ತಾಯಿಯಿಂದ ಮಗಳಿಗೆ ಬಂದ ಸಾಕುವ ರೀತಿಯೋ, ಕರುಳಿನ ಸೂಕ್ಷ್ಮಜೀವಿಗಳೋ ಎಂದು ಬಿಡಿಸುವುದು ಕಷ್ಟ. 2004ರ ಮಾಂಟ್ರಿಯಲ್ ಫಲಿತಾಂಶದ ಬಗೆಗೂ, ಹಿಪೊಕ್ಯಾಂಪಸ್‌ನಲ್ಲಿ ಹಲವು ಬಗೆಯ ಕೋಶಗಳು ಬೆರೆತಿರುವಾಗ ಅಷ್ಟು ಚಿಕ್ಕ ಗುರುತಿಗೆ ಅಷ್ಟು ದೊಡ್ಡ ಹೊರೆ ಹೊರಿಸಬಹುದೇ ಎಂಬ ತಕರಾರು ನಿಂತಿಲ್ಲ.

ಚೇತರಿಕೆಯ ವಿಷಯದಲ್ಲಿ ನಮ್ಮ ನಾಡಿನ ಪುರಾವೆಗಳೇ ಒಂದಕ್ಕೊಂದು ಎದುರಾಗಿವೆ. ಪುಣೆಯಲ್ಲಿ ಎರಡು ತಲೆಮಾರಿನ ಊಟ ಸಾಲಲಿಲ್ಲ. ಹೈದರಾಬಾದಿನಲ್ಲಿ ಖನಿಜವನ್ನು ಮರಳಿ ಕೊಟ್ಟಾಗ ಕೆಲವು ಬದಲಾವಣೆ ಸರಿಹೋದವು, ಕೆಲವು ಹೋಗಲಿಲ್ಲ. ನಿಮ್ಹಾನ್ಸ್‌ನಲ್ಲಿ ದೊಡ್ಡ ಪಂಜರವೇ ಸಾಕಾಯಿತು, ಆದರೆ ಅಲ್ಲಿ ಒತ್ತಡ ಬಂದದ್ದು ಬೆಳೆದ ಮೇಲೆ. ಕೊಬ್ಬು ಮರಳದೆ ನೆನಪು ಮಾತ್ರ ಮರಳುತ್ತದೆಯೋ, ಮಧ್ಯೆ ಪ್ರವೇಶಿಸಿದ ಹೊತ್ತು ಬೇರೆಯಾದದ್ದೇ ಕಾರಣವೋ, ಒಂದೇ ಇಲಿಗಳಲ್ಲಿ ಎರಡನ್ನೂ ಅಳೆಯದೆ ಹೇಳಲಾಗದು. ಹೆಣ್ಣು ಇಲಿಗಳನ್ನು ಬಹುಪಾಲು ಪ್ರಯೋಗಗಳು ಹೊರಗಿಟ್ಟಿರುವುದರಿಂದ, ಇರುವ ಉತ್ತರಗಳೂ ಅರ್ಧ ಜಾತಿಯ ಉತ್ತರಗಳೇ.

ಕೊನೆಯದು ನೀತಿಯ ತೊಡಕು, ಇದು ಪ್ರತಿ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಮೇಜಿನ ಮೇಲೆ ಬಂದು ಕೂರುತ್ತದೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ತತ್ವ, ನಮ್ಮ ಸಮಿತಿಗಳೂ ಒಪ್ಪಿಕೊಂಡಿರುವ ತತ್ವ, ಪ್ರಾಣಿಗಳ ಸಂಖ್ಯೆ ಆದಷ್ಟು ತಗ್ಗಿಸಿ ಎನ್ನುತ್ತದೆ. ಸೂಲನ್ನೇ ಲೆಕ್ಕದ ಘಟಕವಾಗಿ ಹಿಡಿದರೆ ತಾಯಂದಿರ ಸಂಖ್ಯೆ ಹೆಚ್ಚಬೇಕು. ಸೂಲಿಗೆ ಎರಡೇ ಮರಿ ಆರಿಸಿದರೆ ಉಳಿದವುಗಳ ಗತಿ ಏನು? ನಾಲ್ವರು ತಾಯಂದಿರ ಅರ್ಜಿಗೆ ಒಪ್ಪಿಗೆ ಕೊಟ್ಟರೆ ಕಡಿಮೆ ಇಲಿಗಳು ಸಾಯುತ್ತವೆ, ಆದರೆ ಉತ್ತರ ನಂಬುವಂತಿಲ್ಲ, ನಾಳೆ ಇನ್ನೊಬ್ಬರು ಅದನ್ನೇ ಮತ್ತೆ ಮಾಡಬೇಕಾಗುತ್ತದೆ. ಹನ್ನೆರಡು ತಾಯಂದಿರ ಅರ್ಜಿಗೆ ಒಪ್ಪಿದರೆ ಉತ್ತರ ಗಟ್ಟಿ, ಇಲಿಗಳು ಮೂರು ಪಟ್ಟು. ಯಾವ ಅರ್ಜಿಗೆ ಸಹಿ ಹಾಕಬೇಕೆಂದು ಮಾರ್ಗಸೂಚಿ ಹೇಳುವುದಿಲ್ಲ. ಅರ್ಜಿಯ ನಮೂನೆಯಲ್ಲಿ ತಾಯಿಯ ಬಗ್ಗೆ ಒಂದು ಕಲಂ ಇರಬೇಕೇ ಎಂಬುದೂ ಇತ್ಯರ್ಥವಾಗಿಲ್ಲ.